ನೂರು ಮಂದಿ, ಒಂದು ಗೊರಿಲ್ಲಾ: ‘ಬಲ ಮತ್ತು ಒತ್ತಡ’ ಘಟಕದ ಎರಡು ಪಾಠಗಳ ಅನುಭವ

ಬೋಧನಾಭ್ಯಾಸಕ್ಕೆ ನನಗೆ ಮೊದಲು ದೊರೆತದ್ದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಗೆ ಹತ್ತಿರವಿರುವ ಒಂದು ಪ್ರೌಢಶಾಲೆ. ಎಂಟನೇ ತರಗತಿ, ವಿಜ್ಞಾನ, ಘಟಕ ‘ಬಲ ಮತ್ತು ಒತ್ತಡ’. ಪಾಠಯೋಜನೆಯ ಪ್ರಸ್ತಾವನೆಗೆ ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ವಿಷಯವೊಂದು ಬೇಕಿತ್ತು. 2025ರ ಏಪ್ರಿಲ್ ಕೊನೆಯಲ್ಲಿ ಜಗತ್ತಿನ ಮೊಬೈಲ್‌ಗಳಲ್ಲೆಲ್ಲ ಓಡಾಡಿದ ಪ್ರಶ್ನೆ ನೆನಪಾಯಿತು: ಕೈಯಲ್ಲಿ ಆಯುಧವಿಲ್ಲದ ನೂರು ಗಂಡಸರು ಮತ್ತು ಒಂದು ಗೊರಿಲ್ಲಾ ಕಾದಾಡಿದರೆ ಗೆಲ್ಲುವವರು ಯಾರು? ಮಕ್ಕಳಿಗೂ ಅದು ಗೊತ್ತಿತ್ತು. ಪ್ರಶ್ನೆ ಕೇಳಿದ ಕೂಡಲೇ ತರಗತಿ ಎರಡು ಪಕ್ಷವಾಯಿತು. ಅಲ್ಲಿಯವರೆಗೆ ಪಾಠ ಚೆನ್ನಾಗಿಯೇ ನಡೆಯಿತು.

ಮೊದಲ ಪಾಠ: ಎಲ್ಲಿ ತಪ್ಪಿದೆ

ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆ. ಪೂರ್ಣ ಬೆಳೆದ ಗಂಡು ಗೊರಿಲ್ಲಾದ ತೂಕ ಸುಮಾರು 140ರಿಂದ 200 ಕಿಲೋ. ಒಬ್ಬ ಗಂಡಸಿನ ತೂಕ 60 ಕಿಲೋ ಎಂದುಕೊಂಡರೆ ನೂರು ಜನರದು 6,000 ಕಿಲೋ. ಗೊರಿಲ್ಲಾಕ್ಕೆ 200 ಕಿಲೋ ಎಂದೇ ಹಿಡಿದರೂ 30 ಪಟ್ಟು. ‘ಹಾಗಾದರೆ ಗೆಲುವು ಯಾರದು?’ ಎಂದೆ. ‘ಮಂದೀದು’ ಎಂದು ಅರ್ಧ ತರಗತಿ ಕೂಗಿತು.

ಮೂರನೇ ಸಾಲಿನ ಹುಡುಗನೊಬ್ಬ ಕೈ ಎತ್ತಿದ. ‘ಟೀಚರ್, ನಮ್ ಕಾಕಾನ್ನ ಹೊಳ್ಯಾಗ ಮೊಸಳಿ ಹಿಡದಿತ್ತರಿ. ಎಮ್ಮಿ ಮೈ ತೊಳ್ಯಾಕ ಹೋಗಿದ್ದ. ದಂಡಿ ಮ್ಯಾಲ ಮಂದಿ ಭಾಳ ಇದ್ರು. ಎಲ್ಲಾರೂ ಕೂಗಿದ್ರು. ಯಾರೂ ಇಳೀಲಿಲ್ಲ. ನಮ್ ಕಾಕಿ ಒಬ್ಬಾಕೀನ ಇಳಿದ್ಲು.’

ತರಗತಿ ಸುಮ್ಮನಾಯಿತು. ನನ್ನ ಗಡಿಯಾರದಲ್ಲಿ ಹದಿನಾಲ್ಕು ನಿಮಿಷ ಉಳಿದಿತ್ತು, ಯೋಜನೆಯಲ್ಲಿ ಇನ್ನೂ ಎರಡು ಚಟುವಟಿಕೆ ಬಾಕಿ ಇದ್ದವು. ‘ಅದನ್ನ ಆಮೇಲೆ ಹೇಳುವಂತಿ, ಕೂಡು’ ಎಂದು ಮುಂದಕ್ಕೆ ಹೋದೆ. ಅವನು ಕುಳಿತ. ಗಂಟೆ ಹೊಡೆಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ಪ್ರಸ್ತಾವನೆಗೂ ಹಲಗೆಯ ಕೆಲಸಕ್ಕೂ ಒಳ್ಳೆಯ ಮಾತು ಬರೆದಿದ್ದರು. ಕೊನೆಯ ಸಾಲು ಮಾತ್ರ ಹೀಗಿತ್ತು: ಮೂರನೇ ಸಾಲಿನ ವಿದ್ಯಾರ್ಥಿಯ ಉತ್ತರವನ್ನು ಬಳಸಿಕೊಂಡಿಲ್ಲ.

ಲೆಕ್ಕದಲ್ಲಿದ್ದ ದೋಷಗಳು

ಆ ರಾತ್ರಿ ರಾಯಚೂರಿನ ಹಾಸ್ಟೆಲಿನಲ್ಲಿ ಕುಳಿತು ನನ್ನ ಲೆಕ್ಕವನ್ನೇ ತಿದ್ದಿದೆ. ನಾಲ್ಕು ದೋಷ ಕಂಡವು.

ಒಂದು, ತೂಕವನ್ನೂ ಪ್ರಯೋಗಿಸುವ ಬಲವನ್ನೂ ನಾನು ಒಂದೇ ಎಂದು ಭಾವಿಸಿದ್ದೆ. ಹತ್ತು ಮೂಟೆ ಜೋಳ ಒಬ್ಬ ಹಮಾಲನಿಗಿಂತ ಭಾರ, ಆದರೆ ಅದು ಯಾರನ್ನೂ ತಳ್ಳುವುದಿಲ್ಲ.

ಎರಡು, ಬಲಕ್ಕೆ ದಿಕ್ಕಿದೆ ಎಂಬುದನ್ನು ಮರೆತಿದ್ದೆ. ಒಂದೇ ದಿಕ್ಕಿನ ಬಲಗಳು ಕೂಡುತ್ತವೆ, ವಿರುದ್ಧ ದಿಕ್ಕಿನವು ಕಳೆಯುತ್ತವೆ. ಸುತ್ತುವರಿದು ನಾಲ್ಕೂ ಕಡೆಯಿಂದ ತಳ್ಳುವವರ ಬಲ ಬಹುಪಾಲು ಒಂದನ್ನೊಂದು ರದ್ದು ಮಾಡುತ್ತದೆ. ಇದು ಇದೇ ಘಟಕದ ಕಲಿಕಾಂಶ. ಅದನ್ನು ಕಲಿಸಲು ಹೋಗಿ ನಾನೇ ಬಿಟ್ಟಿದ್ದೆ.

ಮೂರು, ನೂರು ಜನ ಒಮ್ಮೆಗೇ ಒಂದು ಪ್ರಾಣಿಯನ್ನು ಮುಟ್ಟಲಾರರು.

ನಾಲ್ಕು, ನೂರು ಜನರೂ ಮುಂದೆ ಬರುತ್ತಾರೆ ಎಂದು ಪ್ರಶ್ನೆ ಸದ್ದಿಲ್ಲದೆ ಒಪ್ಪಿಕೊಂಡಿದೆ. ಮೊದಲು ಹೋಗುವವರು ಯಾರು ಎಂದು ಕೇಳುವುದಿಲ್ಲ. ಹುಡುಗ ಹೇಳಿದ್ದು ಇದನ್ನೇ. ದಂಡೆಯ ಮೇಲೆ ಎಷ್ಟು ಮಂದಿ ಇದ್ದರೂ ನೀರಿನಲ್ಲಿ ಇದ್ದದ್ದು ಒಬ್ಬಳು.

ಪ್ರಶ್ನೆಯಲ್ಲಿ ಇನ್ನೊಂದು ಊಹೆಯೂ ಇದೆ: ಗೊರಿಲ್ಲಾಕ್ಕೆ ಜಗಳ ಬೇಕಾಗಿದೆ ಎಂಬುದು. ಗೊರಿಲ್ಲಾದ ಆಹಾರ ಬಹುತೇಕ ಎಲೆ, ಕಾಂಡ, ಹಣ್ಣು. ಎದೆ ಬಡಿದುಕೊಳ್ಳುವುದು, ಮೇಲೆ ಬೀಳುವಂತೆ ಓಡಿಬಂದು ನಿಲ್ಲುವುದು, ಇವೆಲ್ಲ ಹೆಚ್ಚಾಗಿ ಕಾದಾಟ ತಪ್ಪಿಸುವ ಬೆದರಿಕೆಗಳು. 1986ರಲ್ಲಿ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದ ಮೃಗಾಲಯದಲ್ಲಿ ಐದು ವರ್ಷದ ಹುಡುಗ ಗೊರಿಲ್ಲಾಗಳ ಆವರಣದೊಳಗೆ ಬಿದ್ದು ಎಚ್ಚರ ತಪ್ಪಿದಾಗ, ಜಾಂಬೋ ಎಂಬ ಗಂಡು ಗೊರಿಲ್ಲಾ ಅವನ ಪಕ್ಕ ಕಾವಲಿನಂತೆ ನಿಂತಿತು. ಗೊರಿಲ್ಲಾದ ಎರಡೂ ಪ್ರಭೇದಗಳು ಇಂದು ತೀವ್ರ ಅಳಿವಿನಂಚಿನಲ್ಲಿವೆ. ಈ ಕಾದಾಟದಲ್ಲಿ ಸೋಲುತ್ತಿರುವವರು ಯಾರೆಂದು ಇದೇ ಹೇಳುತ್ತದೆ.

ಅದೇ ತರಗತಿಗೆ ಮರಳಿ

ಮರುದಿನ ಮೊದಲ ಕೆಲಸವಾಗಿ ಆ ಹುಡುಗನಲ್ಲಿ ‘ನಿನ್ನೆ ನಿನ್ನ ಮಾತು ಕೇಳಲಿಲ್ಲ, ತಪ್ಪಾಯಿತು. ಇವತ್ತು ಹೇಳ್ತೀ?’ ಎಂದೆ. ಅವನು ಹಲಗೆಗೆ ಬಂದು ದಂಡೆ, ನೀರು, ಎಮ್ಮೆ ಬರೆದು ತೋರಿಸಿದ. ಕಾಕಿ ಎಮ್ಮೆ ಹೊಡೆಯುವ ಕೋಲಿನ ತುದಿಯಿಂದ ಮೊಸಳೆಯ ಮೋರೆಗೆ ಮತ್ತೆ ಮತ್ತೆ ತಿವಿದಳಂತೆ. ಮೊಸಳೆ ಬಿಟ್ಟಿತು. ಕಾಕಾ ಈಗ ಕುಂಟುತ್ತಾನೆ, ಹೊಲಕ್ಕೆ ಹೋಗುತ್ತಾನೆ.

‘ಕಾಕೀಗೆ ಅಷ್ಟು ಬಲ ಎಲ್ಲಿಂದ ಬಂತರಿ ಟೀಚರ್?’ ಎಂದು ಅವನೇ ಕೇಳಿದ. ಒತ್ತಡದ ಪಾಠ ಅಲ್ಲಿಂದ ಶುರುವಾಯಿತು. 60 ಕಿಲೋ ಮನುಷ್ಯನ ತೂಕ ಸುಮಾರು 600 ನ್ಯೂಟನ್. ಎರಡು ಪಾದಗಳ ವಿಸ್ತೀರ್ಣ 300 ಚದರ ಸೆಂಟಿಮೀಟರ್ ಎಂದುಕೊಂಡರೆ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 2 ನ್ಯೂಟನ್. ಅದೇ ಬಲ 1 ಚದರ ಸೆಂಟಿಮೀಟರ್ ತುದಿಯ ಮೇಲೆ ಬಿದ್ದರೆ 600 ನ್ಯೂಟನ್, ಅಂದರೆ 300 ಪಟ್ಟು. ಮೊಸಳೆಯ ಹಲ್ಲು ಕಾಲಿನಲ್ಲಿ ನಾಟುವುದೂ ಕೋಲಿನ ತುದಿ ಮೊಸಳೆಗೆ ನೋಯುವುದೂ ಒಂದೇ ನಿಯಮದಿಂದ. ದಿಕ್ಕಿನ ಮಾತೂ ಬಂತು: ಮೊಸಳೆಯ ದವಡೆ ಮುಚ್ಚುವ ಸ್ನಾಯುಗಳು ಅತಿ ಬಲಶಾಲಿ, ತೆರೆಯುವವು ದುರ್ಬಲ. ಆದ್ದರಿಂದಲೇ ಹಿಡಿದ ಮೊಸಳೆಯ ಮೂತಿಯನ್ನು ಹಗ್ಗದಿಂದ ಕಟ್ಟಿಡಲು ಸಾಧ್ಯ.

‘ಕಾಕಿ ಒಬ್ಬಳೇ ಯಾಕೆ ಇಳಿದಳು?’ ಎಂದು ಒಬ್ಬಳು ಕೇಳಿದಳು. ಅದಕ್ಕೆ ಈ ಘಟಕದಲ್ಲಿ ಉತ್ತರವಿಲ್ಲ ಎಂದು ಹೇಳಿದೆ. ಮಕ್ಕಳು ಒಪ್ಪಿಕೊಂಡರು.

ಇಂಥ ಪಾಠ ಸಾಹಸದ ಕಥೆಯಾಗಿ ಮುಗಿಯಬಾರದು. ನದಿಯ ಊರಿನ ಮಕ್ಕಳು ನಾಳೆಯೂ ಹೊಳೆಗೆ ಹೋಗುವವರು. ಆದ್ದರಿಂದ ಕೊನೆಯ ಐದು ನಿಮಿಷ ಇದಕ್ಕಿಟ್ಟೆ: ಮೊಸಳೆ ಕಂಡ ಕಡೆ ನೀರಿಗೆ ಇಳಿಯಬಾರದು; ಸಂಜೆ, ರಾತ್ರಿ ದಂಡೆಯಂಚಿನಲ್ಲಿ ಕೂರಬಾರದು; ಕಂಡರೆ ಹಿರಿಯರಿಗೆ ಹೇಳಿ ಅರಣ್ಯ ಇಲಾಖೆಗೆ ತಿಳಿಸಬೇಕು; ಕಲ್ಲೆಸೆದು ಕೆಣಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆ ಇದೆ ಎಂಬುದನ್ನೂ ತಿಳಿಸಿದೆ.

ಎರಡನೇ ಪಾಠ: ಮಾನ್ವಿ

ಮಾನ್ವಿಯ ಶಾಲೆಯಲ್ಲಿ ಪ್ರಸ್ತಾವನೆ ಅದೇ, ಕ್ರಮ ಬೇರೆ. ‘ಗೆಲ್ಲುವವರು ಯಾರು?’ ಎನ್ನುವ ಮೊದಲು ‘ಈ ಪ್ರಶ್ನೆ ಏನನ್ನು ಹೇಳಿಲ್ಲ?’ ಎಂದು ಕೇಳಿದೆ. ಐದೇ ನಿಮಿಷದಲ್ಲಿ ಹಲಗೆ ತುಂಬಿತು: ಜಾಗ ಎಷ್ಟು ದೊಡ್ಡದು, ಓಡಿಹೋಗಬಹುದೇ, ಎಲ್ಲರೂ ಒಟ್ಟಿಗೆ ಬರುತ್ತಾರೆಯೇ. ‘ಗೊರಿಲ್ಲಾದ ಅಡವಿಗೆ ನೂರು ಮಂದಿ ಯಾಕ ಹೋಗಿದ್ರರಿ?’ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಅದನ್ನೂ ಬರೆದೆ.

ಆಮೇಲೆ ಅಂಗಳಕ್ಕೆ ಹೋದೆವು. ಒಬ್ಬನನ್ನು ನಡುವೆ ನಿಲ್ಲಿಸಿ, ಅವನ ಭುಜದ ಮೇಲೆ ಒಮ್ಮೆಗೇ ಎಷ್ಟು ಜನ ಕೈ ಇಡಬಹುದು ಎಂದು ನೋಡಿದೆವು. ಒತ್ತಿಕೊಂಡು ನಿಂತರೂ ಎಂಟು ಜನ, ಉಳಿದವರು ಹಿಂದೆ. ನಂತರ ಹಗ್ಗಜಗ್ಗಾಟ: ಆರು ಜನ ಒಂದೇ ಕಡೆ ಎಳೆದಾಗ, ಮೂರು-ಮೂರಾಗಿ ಎದುರುಬದುರು ಎಳೆದಾಗ ಏನಾಯಿತು ಎಂದು ಪುಸ್ತಕದಲ್ಲಿ ಬರೆದರು. ನಿವ್ವಳ ಬಲ ಎಂಬ ಪದವನ್ನು ನಾನು ಹೇಳುವ ಮುನ್ನವೇ ಅದರ ಅರ್ಥ ಅವರಿಗೆ ಬಂದಿತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೊಬೈಲಿನ ಪ್ರಶ್ನೆಯನ್ನು ತರಗತಿಗೆ ತರಲು ಹಿಂಜರಿಯಬೇಡಿ. ಆದರೆ ಲೆಕ್ಕಕ್ಕೆ ಮುನ್ನ ಅದರ ಊಹೆಗಳನ್ನು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ನಮಗೆ ತಮಾಷೆಯಾದದ್ದು ಆ ಊರಿನ ಯಾವುದೋ ಮನೆಯಲ್ಲಿ ನಡೆದ ಸಂಗತಿಯಾಗಿರಬಹುದು. ಊರಿನ ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಿ. ಮತ್ತು ಪಾಠಯೋಜನೆಯಲ್ಲಿ ಐದು ನಿಮಿಷ ಖಾಲಿ ಬಿಡಿ. ನಾನು ಬಿಟ್ಟಿದ್ದರೆ ಆ ಹುಡುಗ ಒಂದು ರಾತ್ರಿ ಕಾಯಬೇಕಾಗಿರಲಿಲ್ಲ.