ಖಾಲಿ ತಿಂಗಳುಗಳ ಲೆಕ್ಕ

ಹದಿನಾರು ವರ್ಷ, ತಿಂಗಳ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿಗೆ ಒಂದು ಮೆಸೇಜು ತಪ್ಪದೆ ಬರುತ್ತಿತ್ತು. ಸಂಬಳ ಜಮಾ ಆಯಿತು ಅಂತ. 2023ರ ಆಗಸ್ಟ್ 31ರಂದು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ರಾಜೀನಾಮೆ ಕೊಟ್ಟು ಜುಲೈ 31ಕ್ಕೆ ಹೊರಬಂದವಳು ನಾನೇ. ಆದರೂ ಹುಳಿಗೆ ಒಗ್ಗರಣೆ ಹಾಕುತ್ತಾ ಎರಡು ಸಲ ಫೋನ್ ತಿರುಗಿಸಿ ನೋಡಿದೆ.

ಕೆಲಸ ಬಿಡಲು ಎರಡು ಕಾರಣಗಳಿದ್ದವು. ನಾನು ಡೇಟಾಬೇಸ್ ಕೆಲಸದವಳು. ಕಡೆಯ ನಾಲ್ಕು ವರ್ಷ ಆ ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದೆ: ವರದಿ, ಮೀಟಿಂಗು, ಬೇರೆಯವರ ಅಪ್ರೈಸಲ್ಲು. ಇನ್ನೊಂದು, ತುಮಕೂರಿನಲ್ಲಿ ಒಬ್ಬಳೇ ಇರುವ ಅಮ್ಮ. ಕಾಂಟ್ರ್ಯಾಕ್ಟ್ ಹಿಡಿದರೆ ವಾರಕ್ಕೆ ಎರಡು ದಿನ ಅಲ್ಲಿರಬಹುದು, ಕೈತುಂಬ ನನ್ನದೇ ಕೆಲಸವೂ ಇರುತ್ತದೆ ಎಂದುಕೊಂಡೆ. ಎರಡು ತಿಂಗಳೊಳಗೆ ಮೊದಲ ಕಾಂಟ್ರ್ಯಾಕ್ಟ್ ಸಿಕ್ಕೀತು ಎಂದು ನಂಬಿದ್ದೆ. ಸಿಗಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳ ಹಣದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ, ಈಗ ಅದೇ ಹೊಸ್ತಿಲ ಮೇಲೆ ನಿಂತಿರುವ ಹಲವರು ನನಗೆ ಗೊತ್ತಿರುವುದರಿಂದ.

ಮನೆಯ ಖರ್ಚು ತಿಂಗಳಿಗೆ 1,05,000. ಅದರಲ್ಲಿ ಗೃಹಸಾಲದ ಕಂತೇ ದೊಡ್ಡದು. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗಂಡನ ಸಂಬಳ 48,000. ಕೊರತೆ 57,000. ಕೈಯಲ್ಲಿದ್ದದ್ದು ಐದು ಲಕ್ಷದ ಎಫ್‌ಡಿ, ಜೊತೆಗೆ ಗ್ರ್ಯಾಚುಟಿ. ಕಡೆಯ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದೆ, ಮೂಲವೇತನ 70,000. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಹನ್ನೊಂದು ವರ್ಷಕ್ಕೆ ಹಿಡಿದರೆ 4,44,000 ಚಿಲ್ಲರೆ. ಒಟ್ಟು 9,44,000. ಐವತ್ತೇಳು ಸಾವಿರದಿಂದ ಭಾಗಿಸಿದರೆ ಹದಿನಾರೂವರೆ ತಿಂಗಳು. ಆ ಸಂಖ್ಯೆಯನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದು ಸುತ್ತ ಒಂದು ಗೆರೆ ಎಳೆದೆ.

ಒಂದು ವಾರ ಕಳೆದ ಮೇಲೆ ಗಂಡ ಅದನ್ನು ನೋಡಿ, “ಸ್ಕೂಲ್ ಫೀಸ್ ಎಲ್ಲಿದೆ ಇದರಲ್ಲಿ?” ಎಂದು ಕೇಳಿದ. ಎಲ್ಲೂ ಇರಲಿಲ್ಲ. ತಿಂಗಳ ಖರ್ಚನ್ನು ಮಾತ್ರ ಹಿಡಿದಿದ್ದೆ, ವರ್ಷಕ್ಕೊಮ್ಮೆ ಬರುವುದನ್ನೆಲ್ಲ ಮರೆತಿದ್ದೆ. ಮಗಳ ಫೀಸು 1,40,000. ಇನ್ನು ಮೇಲೆ ನಾವೇ ಕಟ್ಟಬೇಕಾದ ಆರೋಗ್ಯ ವಿಮೆ 42,000. ಟರ್ಮ್ ಪಾಲಿಸಿ 28,000. ಕಾರಿನ ವಿಮೆ, ಸರ್ವೀಸು 26,000. ಹಬ್ಬ, ಊರು, ಮದುವೆ ಮುಂಜಿ 40,000. ಕೂಡಿದರೆ 2,76,000, ಅಂದರೆ ತಿಂಗಳಿಗೆ 23,000. ನಿಜವಾದ ಕೊರತೆ 80,000. ಹದಿನಾರೂವರೆ ತಿಂಗಳು ಒಂದೇ ಸಂಜೆಯಲ್ಲಿ ಹನ್ನೆರಡಕ್ಕಿಂತ ಕಡಿಮೆಯಾಯಿತು. ಸಂಬಳ ಬರುವಾಗ ಈ ವಾರ್ಷಿಕ ಖರ್ಚುಗಳೆಲ್ಲ ಬೋನಸ್ಸಿನಲ್ಲಿ, ಎಲ್‌ಟಿಎಯಲ್ಲಿ ಕರಗಿಹೋಗುತ್ತಿದ್ದವು, ಕಣ್ಣಿಗೆ ಬಿದ್ದಿರಲೇ ಇಲ್ಲ.

ಇನ್ನೆರಡು ಕೆಲಸಗಳನ್ನು ನೋಟಿಸ್ ಅವಧಿಯ ತೊಂಬತ್ತು ದಿನಗಳಲ್ಲೇ ಮುಗಿಸಬೇಕಿತ್ತು, ಮಾಡಲಿಲ್ಲ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತ್ತು, ನಮ್ಮ ಸಾಲದ ಬಡ್ಡಿಯೂ ಏರಿತ್ತು. ಕಡಿಮೆ ಬಡ್ಡಿಯ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಲು ನಾನು ಹೋದದ್ದು ಸೆಪ್ಟೆಂಬರಿನಲ್ಲಿ. ಕೌಂಟರಿನಲ್ಲಿದ್ದ ಹುಡುಗಿ ಮೂರು ತಿಂಗಳ ಪೇಸ್ಲಿಪ್ ಕೇಳಿದಳು. ಸ್ವಂತ ಉದ್ಯೋಗ ಎಂದರೆ ಎರಡು ವರ್ಷದ ರಿಟರ್ನ್ಸ್ ಬೇಕು ಎಂದಳು. ನನ್ನ ಬಳಿ ಎರಡೂ ಇರಲಿಲ್ಲ.

ಎರಡನೆಯದು ಇನ್ನೂ ನೋವಿನದು. ಕಂಪನಿಯ ಗುಂಪು ವಿಮೆಯಲ್ಲಿ ಅಮ್ಮನೂ ಇದ್ದಳು. ಕೆಲಸ ಬಿಡುವವರು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು. ಹಾಗೆ ಬದಲಾದರೆ ಅಷ್ಟು ವರ್ಷ ಕಾದ ಅವಧಿ ವ್ಯರ್ಥವಾಗುವುದಿಲ್ಲ. ಆದರೆ ಕೊನೆಯ ದಿನಕ್ಕೆ ಮುಂಚೆಯೇ ಕೇಳಬೇಕು. ನಾನು ಕೇಳಿದ್ದು ಆಮೇಲೆ. ಹೊಸ ಪಾಲಿಸಿಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಅಮ್ಮನ ಬಲಗಣ್ಣು ನವೆಂಬರಿನವರೆಗೂ ಕಾಯಲಿಲ್ಲ. 52,000 ರೂಪಾಯಿ ನೋಟುಬುಕ್ಕಿನಿಂದ ಹೋಯಿತು.

ಈ ನಡುವೆ ಕೆಲಸ ಹುಡುಕುವುದು ನಡೆದೇ ಇತ್ತು. ಕಾಲವೂ ಕೆಟ್ಟದಿತ್ತು. 2023–24ರಲ್ಲಿ ಟಿಸಿಎಸ್‌ನ ಸಿಬ್ಬಂದಿ ಸಂಖ್ಯೆ 13 ಸಾವಿರಕ್ಕೂ ಹೆಚ್ಚು ಇಳಿಯಿತು, ಇನ್ಫೋಸಿಸ್‌ನದು ಸುಮಾರು 26 ಸಾವಿರ. ಆದರೆ ನನ್ನ ಕಷ್ಟಕ್ಕೆಲ್ಲ ಮಾರುಕಟ್ಟೆಯೇ ಕಾರಣ ಎಂದರೆ ತಪ್ಪಾಗುತ್ತದೆ. ಕಾಂಟ್ರ್ಯಾಕ್ಟ್ ಎಂಬ ಮಾತಿಗೆ ಬೆಂಗಳೂರಿನಲ್ಲಿರುವ ಅರ್ಥವೇ ನನಗೆ ಗೊತ್ತಿರಲಿಲ್ಲ. ದೊಡ್ಡ ಕಂಪನಿಗಳು ಒಂಟಿ ಮನುಷ್ಯರ ಬಿಲ್ಲನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಪಟ್ಟಿಯಲ್ಲಿ ವೆಂಡರುಗಳಿರುತ್ತಾರೆ. ಆ ವೆಂಡರಿನ ಪೇರೋಲಿಗೆ ಸೇರಿ ಅಲ್ಲಿ ಹೋಗಿ ಕೂರಬೇಕು. ವೆಂಡರಿನ ಹುಡುಗರು ಫೋನಿನಲ್ಲಿ ಕೇಳುವುದು ಮೂರೇ ಪ್ರಶ್ನೆ. “ಕರೆಂಟ್ ಸಿಟಿಸಿ ಎಷ್ಟು ಮೇಡಂ? ಎಕ್ಸ್‌ಪೆಕ್ಟೆಡ್ ಎಷ್ಟು? ಇಮ್ಮೀಡಿಯೆಟ್ ಜಾಯಿನರಾ?” ಆಗಸ್ಟಿನಲ್ಲಿ ಇಮ್ಮೀಡಿಯೆಟ್ ಜಾಯಿನರ್ ಎಂದರೆ ಅವರ ದನಿ ಅರಳುತ್ತಿತ್ತು. ನವೆಂಬರಿನಲ್ಲಿ ಅದೇ ಉತ್ತರಕ್ಕೆ, “ಗ್ಯಾಪ್ ಯಾಕಾಯ್ತು ಮೇಡಂ?” ಎಂಬ ನಾಲ್ಕನೇ ಪ್ರಶ್ನೆ ಸೇರಿಕೊಂಡಿತ್ತು.

ಒಂದು ಒಳ್ಳೆಯ ಅವಕಾಶ ಕೈತಪ್ಪಿದ್ದು ನನ್ನ ಅಜ್ಞಾನದಿಂದಲೇ. ಒಂದೇ ಬ್ಯಾಂಕಿನ ಒಂದೇ ಕೆಲಸಕ್ಕೆ ಮೂರು ವೆಂಡರುಗಳು ಫೋನ್ ಮಾಡಿದ್ದರು. ಗಿರಾಕಿಯ ಹೆಸರನ್ನು ಅವರು ಹೇಳಲಿಲ್ಲ, ನಾನೂ ಒತ್ತಿ ಕೇಳಲಿಲ್ಲ. ಮೂವರಿಗೂ ರೆಸ್ಯುಮೆ ಕಳಿಸಿದೆ, ಮೂವರೂ ಅದನ್ನು ಒಂದೇ ಕಡೆ ಹಾಕಿದರು. ಡೂಪ್ಲಿಕೇಟ್ ಪ್ರೊಫೈಲ್ ಎಂದು ಅಲ್ಲಿಯವರು ಮೂರನ್ನೂ ತೆಗೆದುಹಾಕಿದರು. ಈಗ ಗಿರಾಕಿ ಯಾರೆಂದು ಹೇಳದವರಿಗೆ ನಾನು ರೆಸ್ಯುಮೆ ಕೊಡುವುದಿಲ್ಲ. ಕೊಟ್ಟರೂ ಈ ಒಂದು ಕೆಲಸಕ್ಕೆ ಮಾತ್ರ, ಇವರ ಮೂಲಕ ಮಾತ್ರ ಎಂದು ಮೇಲ್‌ನಲ್ಲಿ ಬರೆಸಿಕೊಳ್ಳುತ್ತೇನೆ.

ದರದ ವಿಷಯಕ್ಕೆ ಬರುತ್ತೇನೆ. ನನ್ನ ಸಿಟಿಸಿ 26 ಲಕ್ಷ ಇತ್ತು. ವರ್ಷಕ್ಕೆ 260 ಕೆಲಸದ ದಿನ ಎಂದು ಹಿಡಿದು ದಿನಕ್ಕೆ ಹತ್ತು ಸಾವಿರ ಎನ್ನುತ್ತಿದ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಸಾಕು, ಕೇಳುವ ಮುಂಚೆಯೇ ಒಂಬತ್ತು, ಎಂಟೂವರೆ ಎಂದು ಇಳಿಸುತ್ತಿದ್ದೆ. ಎಂಥ ತಪ್ಪು ಲೆಕ್ಕ ಅದು! ಹಬ್ಬದ ರಜೆಗೂ, ಜ್ವರದ ರಜೆಗೂ ಈಗ ಯಾರೂ ದುಡ್ಡು ಕೊಡುವುದಿಲ್ಲ; ಅವೆಲ್ಲ ಕಳೆದರೆ ಉಳಿಯುವುದು 230 ದಿನ. ಒಂದು ಕಾಂಟ್ರ್ಯಾಕ್ಟಿಗೂ ಇನ್ನೊಂದಕ್ಕೂ ನಡುವೆ ಖಾಲಿ ಕೂರುವುದನ್ನೂ ಸೇರಿಸಿದರೆ ವರ್ಷದಲ್ಲಿ ಬಿಲ್ಲು ಮಾಡಬಹುದಾದದ್ದು 150 ದಿನ ಎನ್ನೋಣ. 26 ಲಕ್ಷವನ್ನು 150ರಿಂದ ಭಾಗಿಸಿದರೆ ದಿನಕ್ಕೆ 17,000 ಚಿಲ್ಲರೆ. ಖಾಲಿ ತಿಂಗಳುಗಳ ಖರ್ಚನ್ನು ಕೆಲಸವಿರುವ ತಿಂಗಳುಗಳೇ ಹೊರಬೇಕು. ಇದು ನನಗೆ ತಲೆಗೆ ಹೋದದ್ದು ನಾಲ್ಕು ಖಾಲಿ ತಿಂಗಳು ಕಳೆದ ಮೇಲೆ.

ಡಿಸೆಂಬರ್ ಮೊದಲ ವಾರ ಒಂದು ಆಫರ್ ಬಂತು. ಆರು ತಿಂಗಳು, ತಿಂಗಳಿಗೆ 1,10,000, ವೆಂಡರ್ ಪೇರೋಲು. ಒಪ್ಪಂದದ ಹನ್ನೊಂದನೇ ಪುಟದಲ್ಲಿ, ಅವರು ನನ್ನನ್ನು ಏಳು ದಿನದ ನೋಟಿಸಿನಲ್ಲಿ ಕಳಿಸಬಹುದು, ನಾನು ಬಿಡಬೇಕಾದರೆ ಅರವತ್ತು ದಿನ ಎಂದಿತ್ತು. ಅದರ ಮುಂದಿನ ಸಾಲು, ಗಿರಾಕಿ ದುಡ್ಡು ಕೊಟ್ಟ ಮೇಲಷ್ಟೇ ನನಗೆ ದುಡ್ಡು. ವಾರಕ್ಕೆ ಐದೂ ದಿನ ಹೊರವರ್ತುಲ ರಸ್ತೆಯ ಆಫೀಸಿಗೆ ಹೋಗಬೇಕು. ಆ ರಾತ್ರಿ ನೋಟುಬುಕ್ ತೆಗೆದು ಕೂತೆ. ನಾಲ್ಕು ತಿಂಗಳ ಕೊರತೆ 2,28,000. ಫೀಸಿನ ಎರಡನೇ ಕಂತು, ಆರೋಗ್ಯ ವಿಮೆ, ದೀಪಾವಳಿ ಸೇರಿ 1,32,000. ಅಮ್ಮನ ಕಣ್ಣು 52,000. ಉಳಿದದ್ದು 5,32,000. ಎಂಬತ್ತು ಸಾವಿರದಿಂದ ಭಾಗಿಸಿದರೆ ಆರೂವರೆ ತಿಂಗಳು. ಪಿಎಫ್ ತೆಗೆಯುವ ಅರ್ಜಿಯನ್ನೂ ಒಮ್ಮೆ ತೆರೆದು ನೋಡಿದೆ. ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪೂರ್ತಿ ತೆಗೆಯಬಹುದು ಎಂಬುದು ಆಗಿನ ನಿಯಮ. ಆ ವರ್ಷ ಅದಕ್ಕೆ ಸಿಕ್ಕ ಬಡ್ಡಿ ಶೇ 8.25. ಅದು ನನ್ನ ಅರವತ್ತರ ನಂತರದ ಹಣ, ಇವತ್ತಿನದಲ್ಲ ಎಂದು ಮುಚ್ಚಿದೆ. ಮರುದಿನ ಬೆಳಿಗ್ಗೆ ಆ ವೆಂಡರಿಗೆ ಬೇಡ ಎಂದು ಬರೆದೆ. ಎರಡು ತಿಂಗಳ ಹಣ ಮಾತ್ರ ಉಳಿದಿದ್ದರೆ ಸಹಿ ಹಾಕಿರುತ್ತಿದ್ದೆ. ಕೂಡಿಟ್ಟ ಹಣ ನನಗೆ ಮಾಡಿದ ದೊಡ್ಡ ಉಪಕಾರ ಆ ಒಂದು ಮೇಲ್ ಬರೆಯುವ ಧೈರ್ಯ.

ಕೊನೆಗೆ ದಾರಿ ತೆರೆದದ್ದು ನಾನು ಹುಡುಕದ ಕಡೆಯಿಂದ. ಜನವರಿಯಲ್ಲಿ ತೆರಿಗೆ ವಿಚಾರಿಸಲು ನಮ್ಮ ಆಡಿಟರ ಬಳಿ ಹೋಗಿದ್ದೆ. ಮಾಹಿತಿ ತಂತ್ರಜ್ಞಾನದ ವೃತ್ತಿಯವರಿಗೂ ಆಗಿನ ಕಾಯ್ದೆಯ 44ಎಡಿಎ ಕಲಂ ಅನ್ವಯಿಸುತ್ತದೆ, ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಮುಂಗಡ ತೆರಿಗೆಯನ್ನು ಮಾರ್ಚ್ 15ಕ್ಕೆ ಒಂದೇ ಕಂತಿನಲ್ಲಿ ಕಟ್ಟಬಹುದು, ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂದೆಲ್ಲ ಹೇಳಿ, “ನೀವು ಏನು ಕೆಲಸ ಮಾಡ್ತೀರಮ್ಮಾ?” ಎಂದರು.

“ಸೀನಿಯರ್ ಟೆಕ್ನಿಕಲ್ ಮ್ಯಾನೇಜರ್ ಆಗಿದ್ದೆ ಸಾರ್.”

“ಅದು ಹುದ್ದೆ. ಕೆಲಸ ಏನು?”

ನನಗೆ ತಕ್ಷಣ ಉತ್ತರ ಬರಲಿಲ್ಲ. ಹದಿನಾರು ವರ್ಷ ಸಂಬಳ ತೆಗೆದುಕೊಂಡವಳಿಗೆ, ಆ ಸಂಬಳ ಯಾವುದಕ್ಕೆ ಎಂದು ಒಂದು ವಾಕ್ಯದಲ್ಲಿ ಹೇಳುವ ಪ್ರಮೇಯವೇ ಬಂದಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದೆ: “ಹಳೇ ಡೇಟಾಬೇಸಿನಲ್ಲಿರೋ ಲೆಕ್ಕವನ್ನ ಒಂದೂ ತಪ್ಪದೆ ಹೊಸದಕ್ಕೆ ಸಾಗಿಸಿಕೊಡ್ತೀನಿ.” ಅವರು ಪೆನ್ನು ಕೆಳಗಿಟ್ಟರು. ಪೀಣ್ಯದಲ್ಲಿ ಅವರ ಕಕ್ಷಿದಾರರೊಬ್ಬರ ಕಾರ್ಖಾನೆಯಲ್ಲಿ ಆರಕಲ್ ಲೈಸೆನ್ಸಿನ ಖರ್ಚು ತಲೆನೋವಾಗಿತ್ತು.

ಆರಕಲ್‌ನಲ್ಲಿದ್ದ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸಾಗಿಸಿಕೊಡುತ್ತೇನೆ ಎಂದಾಗ ಮಾಲೀಕರು ಕೇಳಿದ್ದು ಒಂದೇ ಮಾತು: “ಹೆಚ್ಚುಕಡಿಮೆ ಆದರೆ ಯಾರು ಹೊಣೆ? ಕಂಪನಿಯಾದರೆ ಹಿಡಿದು ಕೇಳಬಹುದು.” ನನ್ನ ಹಿಂದೆ ಈಗ ಕಂಪನಿ ಇರಲಿಲ್ಲ. ಅದಕ್ಕೇ ಹಣವನ್ನು ಮೂರು ಪಾಲು ಮಾಡಿದೆ. ಶೇ 30 ಮೊದಲು, ಶೇ 40 ಸಾಗಣೆ ಮುಗಿದಾಗ. ಕೊನೆಯ ಶೇ 30, ಹಳೆಯದೂ ಹೊಸದೂ ಎರಡು ವಾರ ಜೊತೆಯಾಗಿ ನಡೆದು ಸ್ಟೋರಿನ ಲೆಕ್ಕ ತಾಳೆಯಾದ ಮೇಲೆ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟುವುದಿಲ್ಲ. ಅವರ ಮುಖ ಸಡಿಲವಾಯಿತು. ನನ್ನ ಅಂದಾಜು ಹದಿನಾರು ದಿನ, ದಿನಕ್ಕೆ ಹದಿನೈದು ಸಾವಿರ, ಒಟ್ಟು 2,40,000. ನಿಜಕ್ಕೂ ಹಿಡಿದದ್ದು ಇಪ್ಪತ್ತೊಂದು ದಿನ. ಐದು ದಿನ ಪುಕ್ಕಟೆ.

ಆ ಐದರಲ್ಲಿ ಎರಡು ದಿನ ಹೋದದ್ದು ಒಂದು ಸಣ್ಣ ಖಾಲಿ ಜಾಗಕ್ಕೆ. ಆರಕಲ್ ಒಂದೂ ಅಕ್ಷರವಿಲ್ಲದ ಖಾಲಿ ಪಠ್ಯವನ್ನೂ “ಏನೂ ಇಲ್ಲ” ಎಂಬುದನ್ನೂ ಒಂದೇ ಎಂದು ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ಗೆ ಅವೆರಡೂ ಬೇರೆ ಬೇರೆ. ಭಾನುವಾರ, ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆಯ ಸ್ಟೋರಿನಲ್ಲಿ, ಇಪ್ಪತ್ತು ವರ್ಷದಿಂದ ರಿಜಿಸ್ಟರು ಬರೆಯುತ್ತಿದ್ದ ಸ್ಟೋರ್‌ಕೀಪರು ಹೊಸ ಪಟ್ಟಿಯ ಮೇಲೆ ಬೆರಳಾಡಿಸಿ, “ಬೇರಿಂಗ್‌ಗಳು ಲಿಸ್ಟಲ್ಲೇ ಇಲ್ವಲ್ಲ ಮೇಡಂ” ಎಂದರು. ಬ್ಯಾಚ್ ನಂಬರ್ ಬರೆಯದ ಮಾಲೆಲ್ಲ ಪಟ್ಟಿಯಿಂದ ಜಾರಿಹೋಗಿತ್ತು. ಅವರ ಕನ್ನಡ ಅಂಕಿಗಳ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸರಿಮಾಡಿದೆವು. ವರ್ಷಗಳ ಮೇಲೆ ನಾನು ನನ್ನ ಕೆಲಸ ಮಾಡುತ್ತಿದ್ದೇನೆ ಅನ್ನಿಸಿದ್ದು ಅಲ್ಲಿ, ಆ ಸ್ಟೂಲಿನ ಮೇಲೆ.

ಮೊದಲ ಪಾಲು 72,000ದಲ್ಲಿ ಶೇ 10 ಟಿಡಿಎಸ್ ಕಳೆದು 64,800 ಬಂದಿತ್ತು, ಫೆಬ್ರುವರಿಯಲ್ಲಿ. ಕೊನೆಯ ಬಿಲ್ಲು ಕೊಟ್ಟದ್ದು ಮಾರ್ಚ್ 20ಕ್ಕೆ. ಅಲ್ಲಿಯ ಅಕೌಂಟೆಂಟು, “ಇಯರ್ ಎಂಡಿಂಗ್ ಮುಗೀಲಿ ಮೇಡಂ” ಎಂದರು. ಆಡಿಟರ ಸಲಹೆಯಂತೆ ಒಪ್ಪಂದಕ್ಕೆ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿದ್ದೆ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹಾಗೆ ನೋಂದಾಯಿಸಿದ ಸಣ್ಣ ಉದ್ಯಮಕ್ಕೆ, ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಹಣ ತಡೆಹಿಡಿಯುವಂತಿಲ್ಲ. 2023–24ರ ಲೆಕ್ಕದಿಂದ ಇನ್ನೊಂದು ನಿಯಮವೂ ಸೇರಿತ್ತು: ಗಡುವು ಮೀರಿದರೆ ಕೊಳ್ಳುವವರು ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಇದನ್ನು ಜಗಳವಿಲ್ಲದೆ ಒಂದು ಮೇಲ್‌ನಲ್ಲಿ ನೆನಪಿಸಿದೆ. ನಲವತ್ತೊಂದನೇ ದಿನ, ಏಪ್ರಿಲ್ 30ರಂದು, ತಿಂಗಳ ಕೊನೆಯ ದಿನವೇ ಮೆಸೇಜು ಬಂತು.

ರಾತ್ರಿ ನೋಟುಬುಕ್ಕಿನಲ್ಲಿ ಬರೆದೆ: ಉಳಿದದ್ದು 3,89,000. ಐದಕ್ಕೆ ಸ್ವಲ್ಪ ಕಡಿಮೆ ತಿಂಗಳು. ಜೂನಿನಲ್ಲಿ ಫೀಸಿನ ಮೊದಲ ಕಂತು.

ಮೇ ಮೊದಲ ವಾರ ಅದೇ ಪೀಣ್ಯದಿಂದ, ಪಕ್ಕದ ಶೆಡ್ಡಿನವರು ಫೋನ್ ಮಾಡಿದರು. “ಒಂದೂ ತಪ್ಪದೆ ಸಾಗಿಸಿಕೊಡ್ತೀರಂತೆ. ದಿನಕ್ಕೆ ಎಷ್ಟು?” ಹದಿನೇಳು ಸಾವಿರ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಮಾತಾಡಲಿಲ್ಲ.