ಅಪ್ರೆಂಟಿಸ್ ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲು: ಒಪ್ಪಂದವೇ ಕೀಲಿಕೈ

ಪೀಣ್ಯದಲ್ಲಿ 40 ಮಂದಿ ದುಡಿಯುವ ಒಂದು ಮೆಷಿನ್ ಶಾಪ್ ಇದೆ ಎಂದುಕೊಳ್ಳೋಣ. ಐಟಿಐ ಮುಗಿಸಿದ ಹುಡುಗನೊಬ್ಬ ಫಿಟ್ಟರ್ ಕೆಲಸದಲ್ಲಿ ಪಳಗಲು ಅಲ್ಲಿಗೆ ಬರುತ್ತಾನೆ. ಮಾಲೀಕ ಅವನನ್ನು ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಂಡರೆ ಸ್ಟೈಪೆಂಡಿನ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನೋಂದಾಯಿಸದೆ ಬರೀ ‘ಟ್ರೈನಿ’ ಎಂದು ಕರೆದು ಕೆಲಸಕ್ಕೆ ಹಚ್ಚಿದರೆ ಮಾಲೀಕನಿಗೆ ಸರ್ಕಾರದ ನೆರವೂ ಇಲ್ಲ, ಹುಡುಗನಿಗೆ ಕಾಯ್ದೆಯ ಆಸರೆಯೂ ಇಲ್ಲ.

ಈ ನೆರವಿನ ಹೆಸರು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ. 2016ರ ಆಗಸ್ಟ್‌ನಲ್ಲಿ ಶುರುವಾದ ಇದರಡಿ ನಿಗದಿತ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ. ಮೊದಲು ಆ ಹಣವನ್ನು ಸಂಸ್ಥೆಗಳಿಗೆ ಮರುಪಾವತಿ ಮಾಡಲಾಗುತ್ತಿತ್ತು. 2023ರ ಆಗಸ್ಟ್‌ನಿಂದ ಅದು ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗುವ ವ್ಯವಸ್ಥೆ ಬಂದಿದೆ. ಇದು ಒಳ್ಳೆಯ ಬದಲಾವಣೆ. ಸರ್ಕಾರದ ಪಾಲು ಎಷ್ಟು ಬಂತು, ಯಾವಾಗ ಬಂತು ಎಂಬುದು ಈಗ ಹುಡುಗನ ಪಾಸ್‌ಬುಕ್ಕಿನಲ್ಲೇ ಕಾಣುತ್ತದೆ.

2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿ. ಐಟಿಐ ಪಾಸಾದವರಿಗೆ 7,000. ಅದರ ಕಾಲುಭಾಗ 1,750 ಆದರೂ ಮಿತಿಯ ಕಾರಣ ಸರ್ಕಾರ ಕೊಡುವುದು 1,500. ಉಳಿದ 5,500 ಮಾಲೀಕನ ಹೊಣೆ. ಎರಡನೇ ವರ್ಷ ಸ್ಟೈಪೆಂಡ್ ಶೇ 10ರಷ್ಟು, ಮೂರನೇ ವರ್ಷ ಶೇ 15ರಷ್ಟು ಏರಬೇಕು. ಈ ಕನಿಷ್ಠ ಮೊತ್ತವನ್ನು ಶೇ 36ರಷ್ಟು ಹೆಚ್ಚಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಹಾಗಾಗಿ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಎಷ್ಟೆಂದು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳುವುದು ಕ್ಷೇಮ. ಡಿಪ್ಲೊಮಾ, ಪದವಿ ಮುಗಿಸಿದವರಿಗೆ ನ್ಯಾಟ್ಸ್ ಎಂಬ ಬೇರೆಯೇ ಯೋಜನೆಯಿದ್ದು, ಅಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧದಷ್ಟನ್ನು ಕೇಂದ್ರ ಭರಿಸುತ್ತದೆ.

ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಮಾಲೀಕನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಗುತ್ತಿಗೆಯವರೂ ಸೇರಿ 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಒಟ್ಟು ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳಲೇಬೇಕು. ಆ ಪೀಣ್ಯದ ಶಾಪಿನ ಲೆಕ್ಕದಲ್ಲಿ ಕನಿಷ್ಠ ಒಬ್ಬ, ಗರಿಷ್ಠ ಆರು ಮಂದಿ. ನಾಲ್ಕರಿಂದ 29 ನೌಕರರಿರುವ ಸಣ್ಣ ಘಟಕಗಳಿಗೆ ಇದು ಐಚ್ಛಿಕ. ನುರಿತ ಕೈಗಳೇ ಸಿಗುತ್ತಿಲ್ಲ ಎಂದು ಕೊರಗುವ ಸಣ್ಣ ಉದ್ಯಮಿಗಳು ಈ ಅವಕಾಶವನ್ನು ಬಿಟ್ಟುಕೊಡಬಾರದು.

ಎಲ್ಲಕ್ಕೂ ಬುನಾದಿ ಒಪ್ಪಂದಪತ್ರ. ಪೋರ್ಟಲ್‌ನಲ್ಲಿ ಸಂಸ್ಥೆಯೂ ಅಭ್ಯರ್ಥಿಯೂ ಹೆಸರು ನೋಂದಾಯಿಸಿ, ಇಬ್ಬರೂ ಒಪ್ಪಂದಕ್ಕೆ ಸಹಿ ಮಾಡಿ, ಅದು ಅಪ್ರೆಂಟಿಸ್‌ಶಿಪ್ ಸಲಹೆಗಾರರ ಬಳಿ ನೋಂದಣಿಯಾಗಬೇಕು. ಅಭ್ಯರ್ಥಿ ಅಪ್ರಾಪ್ತ ವಯಸ್ಕನಾದರೆ ಪೋಷಕರು ಸಹಿ ಹಾಕುತ್ತಾರೆ. ಅಪಾಯಕಾರಿ ಕೈಗಾರಿಕೆಗಳಿಗೆ ಸೇರಲು 18 ತುಂಬಿರಬೇಕು. ತರಬೇತಿಯ ವೃತ್ತಿ, ಅವಧಿ, ಸ್ಟೈಪೆಂಡ್ ಇವಿಷ್ಟನ್ನು ಓದಿ ನೋಡದೆ ಸಹಿ ಹಾಕಬಾರದು, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು.

ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಆದ್ದರಿಂದ ಭವಿಷ್ಯ ನಿಧಿ ಅವನಿಗೆ ಅನ್ವಯಿಸದು. ಈ ಪ್ರಶ್ನೆ ಮಂಗಳೂರಿನ ಕ್ಯಾಂಪ್ಕೊ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸ್ಥಾಯಿ ಆದೇಶಗಳ ಅಡಿಯಲ್ಲಿ ತೆಗೆದುಕೊಂಡ ಟ್ರೈನಿಗಳು ಭವಿಷ್ಯ ನಿಧಿ ಕಾಯ್ದೆ ಹೇಳುವ ‘ನೌಕರ’ರಲ್ಲ ಎಂದು 2006ರಲ್ಲಿ ಕೋರ್ಟು ತೀರ್ಪಿತ್ತಿತು. ಈ ವಿನಾಯಿತಿ ಕಲಿಸುವ ಮಾಲೀಕನಿಗಾಗಿ ಇರುವುದು. ಕಲಿಸುವ ನೆಪದಲ್ಲಿ ಅಗ್ಗದ ಆಳನ್ನು ಹುಡುಕುವವನಿಗಾಗಿ ಅಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಅದಕ್ಕೆ ತಡೆಗಳಿವೆ. ತರಬೇತಿಗೆ ಸಂಬಂಧಿಸದ ಕೆಲಸ ಮಾಡಿಸುವಂತಿಲ್ಲ. ತಯಾರಾದ ಪೀಸಿನ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ. ಸಲಹೆಗಾರರ ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕಾರ್ಖಾನೆಯ ಆರೋಗ್ಯ, ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆ. ತರಬೇತಿಯ ವೇಳೆ ಅಪಘಾತದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು. ಮಾಲೀಕ ಷರತ್ತು ಪಾಲಿಸದ ಕಾರಣಕ್ಕೆ ಒಪ್ಪಂದ ರದ್ದಾದರೆ, ಕೊನೆಯ ಸ್ಟೈಪೆಂಡಿನ ಮೂರು ತಿಂಗಳ ಮೊತ್ತವನ್ನು ಪರಿಹಾರವಾಗಿ ಕೊಡಬೇಕು.

ತರಬೇತಿ ಮುಗಿದ ಮೇಲೆ ಕೆಲಸ ಖಾತ್ರಿಯೇ? ಇಲ್ಲ. ಸಂಸ್ಥೆ ತನ್ನದೇ ನೇಮಕಾತಿ ನೀತಿ ರೂಪಿಸಿಕೊಳ್ಳಬೇಕು ಎಂದಷ್ಟೇ 2014ರ ತಿದ್ದುಪಡಿ ಹೇಳುತ್ತದೆ. ಆದರೆ ಉತ್ತರಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ: ಉಳಿದೆಲ್ಲ ಅರ್ಹತೆ ಸಮಾನವಾಗಿದ್ದಾಗ, ನೇರವಾಗಿ ಬಂದವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಸಿಗಬೇಕು.

ಸ್ಟೈಪೆಂಡ್ ತಡವಾದರೆ, ಕಲಿಸುವುದು ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಿದರೆ ಒಪ್ಪಂದದ ಪ್ರತಿ, ಹಾಜರಿ ವಿವರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಲಿಖಿತ ದೂರು ಕೊಡಬೇಕು. ಕರ್ನಾಟಕದೊಳಗಿನ ಖಾಸಗಿ ಘಟಕವಾದರೆ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯನ್ನು ಸಂಪರ್ಕಿಸಬೇಕು. ಕೇಂದ್ರದ ಉದ್ದಿಮೆ ಅಥವಾ ನಾಲ್ಕು ಮತ್ತು ಹೆಚ್ಚು ರಾಜ್ಯಗಳಲ್ಲಿರುವ ಕಂಪನಿಯಾದರೆ ಬೆಂಗಳೂರಿನಲ್ಲಿರುವ ಕೇಂದ್ರದ ಪ್ರಾದೇಶಿಕ ಕೌಶಲ್ಯ ನಿರ್ದೇಶನಾಲಯಕ್ಕೆ ಹೋಗಬೇಕು. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ತಿಳಿದ 30 ದಿನಗಳೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.