ಜಿಐ ಬಿಲ್: ಸೈನಿಕರ ವಿದೇಶಿ ವ್ಯಾಸಂಗ

ಅಮೆರಿಕದ ಮಾಜಿ ಸೈನಿಕರ ಮರುಹೊಂದಾಣಿಕೆ ಕಾಯ್ದೆಗೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ್ದು 1944ರ ಜೂನ್ 22ರಂದು. ರೂಢಿಯ ಹೆಸರು ಜಿಐ ಬಿಲ್. ಆರಂಭದಲ್ಲಿ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಅವಲಂಬಿತರಿಲ್ಲದವರಿಗೆ ತಿಂಗಳಿಗೆ 50 ಡಾಲರ್ ಭತ್ಯೆ. ಈ ನೆರವನ್ನು ವಿದೇಶದಲ್ಲೂ ಬಳಸಬಹುದಿತ್ತು; ಯುದ್ಧಾನಂತರದ ಪ್ಯಾರಿಸ್‌ನಲ್ಲಿ ಡಾಲರಿಗೆ ಬೆಲೆ ಜಾಸ್ತಿ. ಕಲಾವಿದರು ಅತ್ತ ಮುಖ ಮಾಡಿದ್ದರಲ್ಲಿ ಅಚ್ಚರಿಯೇನಿಲ್ಲ. ಚಿತ್ರಕಾರ ಎಲ್ಸ್‌ವರ್ತ್ ಕೆಲ್ಲಿ 1948ರಲ್ಲಿ ಅಲ್ಲಿನ ಎಕೋಲ್ ದೆ ಬೋಝಾರ್ ಕಲಾಶಾಲೆ ಸೇರಿದ್ದು ಈ ನೆರವಿನಿಂದಲೇ.

ಇದರ ಹೊಸ ರೂಪವಾದ ಪೋಸ್ಟ್-9/11 ಜಿಐ ಬಿಲ್ ಜಾರಿ: 2009ರ ಆಗಸ್ಟ್ 1. ಸಾಮಾನ್ಯವಾಗಿ 36 ತಿಂಗಳ ಸೌಲಭ್ಯ. ವಿದೇಶದಲ್ಲಾದರೆ ಕೋರ್ಸು ಪದವಿಗೆ ಒಯ್ಯುವಂಥದ್ದಾಗಿರಬೇಕು, ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಅನುಮೋದನೆಯೂ ಬೇಕು. ಅಭ್ಯರ್ಥಿಗಳು ಎಡವಬಹುದಾದದ್ದು ಇಲ್ಲೇ: ರಕ್ಷಣಾ ಇಲಾಖೆ ಒಪ್ಪಿಗೆ ಕೊಡುವುದು ಕೋರ್ಸಿಗಲ್ಲ, ಸೌಲಭ್ಯವನ್ನು ಸಂಗಾತಿಗೋ ಮಕ್ಕಳಿಗೋ ವರ್ಗಾಯಿಸುವುದಕ್ಕೆ.